ಸೂಜಿ ಹಾಕಿದ ಮೇಲೂ ಬಂದ ಬೇನೆ

ಹೊಸದಾಗಿ ನೌಕರಿಗೆ ಸೇರಿದ ಹುಡುಗಿಯರು ಆಗಾಗ ಸೇಡಂನ ನಮ್ಮ ಮನೆಗೆ ಬರುತ್ತಾರೆ. ಚಹಾ ಕುಡಿದು, ಅದೂ ಇದೂ ಮಾತಾಡಿ, ಮೆಲ್ಲಗೆ ವಿಷಯಕ್ಕೆ ಬರುತ್ತಾರೆ. 'ಮೇಡಂ, ಪೋಸ್ಟಿಂಗ್ ಯಾವ ಕಡೆ ಛಲೋ? ಚಿಂಚೋಳಿ ಕಡೆ ಹಾಕಿದ್ರ ಬದಲಿ ಮಾಡಿಸ್ಕೋಬೇಕಾ?' ನನಗೆ ನಗು ಬರುತ್ತದೆ. ನಾನೂ ಹಾಗೆ ಕೇಳಿದವಳೇ. ಕಿರಿಯ ಆರೋಗ್ಯ ಸಹಾಯಕಿಯಾಗಿ ಸೇರಿದೆ, ಹಿರಿಯ ಆರೋಗ್ಯ ಸಹಾಯಕಿಯಾಗಿ ನಿವೃತ್ತಳಾದೆ. ನಡುವಿನ ಬಡ್ತಿ, ಬದಲಿ ಇವೆಲ್ಲ ಕಚೇರಿಯ ಮಾತು; ಕೇಳಿ ನಿಮಗೆ ಆಗಬೇಕಾದ್ದೇನೂ ಇಲ್ಲ. ಕೆಲಸ ಹೇಗಿತ್ತು ಎಂಬುದನ್ನಷ್ಟೇ ಹೇಳುತ್ತೇನೆ.

ನಾನು ಆಡಕಿ ಹತ್ತಿರದ ಹಳ್ಳಿಯವಳು. ನಮ್ಮ ಓಣಿಯಿಂದ ಸರ್ಕಾರಿ ನೌಕರಿಗೆ ಹೋದ ಮೊದಲ ಹೆಣ್ಣುಮಗಳು. ಮೊದಲ ಪೋಸ್ಟಿಂಗ್ ಚಿಂಚೋಳಿಯಿಂದಾಚೆ, ಗುಡ್ಡದ ಮಗ್ಗುಲಿನ ಊರಿಗೆ. ಆಗ ಗಾಜಿನ ಸಿರಿಂಜಿನ ಕಾಲ. ಸೀಮೆಎಣ್ಣೆ ಸ್ಟೋವಿನ ಮೇಲೆ ಸಿರಿಂಜು, ಸೂಜಿ ಕುದಿಸಿ ಮತ್ತೆ ಅವನ್ನೇ ಬಳಸಬೇಕು. ಸೂಜಿ ಮೊಂಡಾದರೆ ಕಲ್ಲಿಗೆ ಮಸೆಯುತ್ತಿದ್ದೆವು ಎಂದರೆ ಈಗಿನ ಹುಡುಗಿಯರು ಕಣ್ಣು ಅಗಲಿಸುತ್ತಾರೆ.

ಲಸಿಕೆಯ ಡಬ್ಬಿ ಹೆಗಲಿಗೆ ಹಾಕಿಕೊಂಡು ಬಸ್ಸಿನಲ್ಲಿ ಹೋಗುವುದು. ಒಂದು ಬೇಸಿಗೆಯಲ್ಲಿ ದಾರಿಯ ನಡುವೆ ಬಸ್ಸು ಕೆಟ್ಟು ನಿಂತಿತು. ತಾಂಡಾ ಮುಟ್ಟುವಷ್ಟರಲ್ಲಿ ಡಬ್ಬಿಯೊಳಗಿನ ಬರ್ಫವೆಲ್ಲ ನೀರು. ತಾಂಡಾದ ತಾಯಂದಿರೆಲ್ಲ ಕೂಸುಗಳನ್ನು ಕಂಕುಳಲ್ಲಿಟ್ಟುಕೊಂಡು ಕೂತಿದ್ದರು. ನಮ್ಮ ಡಾಕ್ಟರ್ ಸಾಹೇಬರು ವಯಸ್ಸಾದವರು, ಸಿಟ್ಟಿನ ಮನುಷ್ಯ. ಜೀಪಿನಲ್ಲಿ ಬಂದವರೇ ಡಬ್ಬಿಯೊಳಗೆ ಕೈ ಹಾಕಿ ನೋಡಿದರು.

'ಇವತ್ತ ಯಾರಿಗೂ ಹಾಕಬ್ಯಾಡ.'

'ಸರ್, ಇಷ್ಟ ಮಂದಿ ಕೂಲಿ ಬಿಟ್ಟು ಬಂದಾರ. ಬೈತಾರ.'

'ಬೈಲಿ. ಕೆಟ್ಟ ಔಷಧ ಹಾಕಿ ಅವರ ಕಡಿಂದ ಹೊಗಳಿಸ್ಕೊಳ್ಳೋದು ಬ್ಯಾಡ.'

ನನ್ನನ್ನು ಮುಂದೆ ಬಿಟ್ಟು ತಾವು ಹಿಂದೆ ಸರಿಯಲಿಲ್ಲ. ಆ ಹೆಂಗಸರ ಎದುರಿಗೆ ತಾವೇ ಕೈ ಮುಗಿದು, 'ಔಷಧ ಕೆಟ್ಟದ ತಾಯಿ, ನಮ್ಮದೇ ತಪ್ಪು, ಮತ್ತ ಬರ್ತೀವಿ' ಎಂದರು. ಬೈಗುಳ ಬಿದ್ದವು. ಮುಂದಿನ ಸಲ ಹೋದಾಗ ಮಾತ್ರ ಒಂದು ಮನೆಯೂ ತಪ್ಪಲಿಲ್ಲ. ಮೇಲಧಿಕಾರಿಗಳಲ್ಲಿ ತರಾವರಿ ಜನರನ್ನು ಕಂಡೆ. ಸಹಿ ಹಾಕಲು ಹೆದರುವವರು, ಫೋಟೋ ತೆಗೆಸಿಕೊಳ್ಳಲಿಕ್ಕೇ ಬರುವವರು. ಅಂಥವರ ನಡುವೆ ಇಂಥವರೂ ಸಿಗುತ್ತಾರೆ. ಸಿಕ್ಕಾಗ ಹತ್ತಿರ ನಿಂತು ನೋಡಿ ಕಲಿಯಿರಿ.

ನಗುವ ಪ್ರಸಂಗಗಳೂ ಇವೆ. ಪೋಲಿಯೊ ಹನಿ ಹಾಕುವ ದಿನಗಳಲ್ಲಿ ನನ್ನನ್ನು ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರ್ಮಿಗೆ ಹಾಕಿದ್ದರು. ಗಾಡಿ ನಿಂತಾಗ ಹತ್ತಿ, ಕೂಸುಗಳ ಬಾಯಿಗೆ ಹನಿ ಹಾಕಿ, ಕಿರುಬೆರಳಿಗೆ ಮಸಿ ಹಚ್ಚಿ ಇಳಿಯುವುದು. ಅಲ್ಲಿ ಮಾಣಿಕಪ್ಪ ಎಂಬ ಪಾಯಿಂಟ್ಸ್‌ಮನ್ ಇದ್ದರು; ಗಾಡಿ ಹಳಿ ಬದಲಿಸುವ ಕೆಲಸ, ದೊಡ್ಡ ಗಂಟಲು. 'ಇಳೀರಿ ಸಿಸ್ಟರ್, ಗಾಡಿ ಬಿಡ್ತದ!' ಎಂದು ಕೂಗುತ್ತಲೇ ಇದ್ದರು. ಒಂದು ಕೂಸು ಬಾಯಿ ಬಿಗಿಹಿಡಿದಿತ್ತು, ನನಗೂ ಹಟ. ಹನಿ ಬೀಳುವಷ್ಟರಲ್ಲಿ ಗಾಡಿ ಹೊರಟೇಬಿಟ್ಟಿತು. ಶಹಾಬಾದಿನಲ್ಲಿ ಇಳಿದು, ಡಬ್ಬಿಯಲ್ಲಿ ಉಳಿದ ಲಸಿಕೆಯನ್ನು ಅಲ್ಲಿನ ಪ್ಲಾಟ್‌ಫಾರ್ಮಿನ ಮಕ್ಕಳಿಗೇ ಹಾಕಿ, ಮುಂದಿನ ಗಾಡಿಗೆ ವಾಪಸು ಬಂದೆ. ಮಾಣಿಕಪ್ಪ ವಾಡಿಯ ತುಂಬ ಈ ಸುದ್ದಿ ಹಂಚಿದರು.

ಅದೇ ಶಹಾಬಾದಿಗೆ ನನ್ನ ಕೊನೆಯ ಪೋಸ್ಟಿಂಗ್ ಬಂತು. ನಿವೃತ್ತಿಗೆ ಹೆಚ್ಚು ಕಾಲ ಉಳಿದಿರಲಿಲ್ಲ. ಇನ್ನು ಆರಾಮಾಗಿ ಮುಗಿಸಿಬಿಡೋಣ ಎಂದುಕೊಂಡಿದ್ದೆ. ಆಗಲೇ ಕೊರೊನಾ ಬಂತು.

ನಮ್ಮ ಆರೋಗ್ಯ ಕೇಂದ್ರದ ಸರಹದ್ದಿನಲ್ಲಿ ಒಂದು ವೃದ್ಧಾಶ್ರಮವಿತ್ತು. ಫರಸಿ ಕಲ್ಲಿನ ಉದ್ದನೆಯ ಎರಡು ಕೋಣೆ, ಒಂದು ಗಂಡಸರಿಗೆ, ಒಂದು ಹೆಂಗಸರಿಗೆ. ನಡುವೆ ಬೇವಿನ ಮರದ ಅಂಗಳ. ಅಲ್ಲಿದ್ದವರೆಲ್ಲ ಗಣಿಯಲ್ಲಿ, ಕಾರ್ಖಾನೆಯಲ್ಲಿ, ರೈಲ್ವೆಯಲ್ಲಿ ದುಡಿದು ದಣಿದವರು. ಹೋದ ಮೊದಲ ದಿನವೇ ಒಂದು ದೊಡ್ಡ ಗಂಟಲು ಕೇಳಿತು. 'ಬಂದ್ರಾ ಸಿಸ್ಟರ್? ಈ ಸಲ ಗಾಡಿಯಿಂದ ಇಳದು ಬಂದ್ರಿ ಹೌದಲ್ಲ?' ಮಾಣಿಕಪ್ಪನವರೇ. ಹೆಂಡತಿ ತೀರಿಕೊಂಡ ಮೇಲೆ, ಜತೆಗೆ ಮಾತಾಡಲು ಜನ ಬೇಕು ಎಂದು ತಾವೇ ಬಂದು ಸೇರಿದ್ದರು.

ಹೆಂಗಸರ ಕೋಣೆಯ ಒಡತಿ ಗುಂಡಮ್ಮ. ಎಲ್ಲರಿಗೂ ಆಕೆ ಆಯಿ. ಚಿಂಚೋಳಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದು, ಜೀವಮಾನವೆಲ್ಲ ಗಣಿಯಲ್ಲಿ ಫರಸಿ ಹೊತ್ತವಳು. ಮಕ್ಕಳಿಲ್ಲ. ಬೆಳಿಗ್ಗೆ ಎದ್ದಕೂಡಲೇ ಯಾರನ್ನಾದರೂ ಬೈಯದಿದ್ದರೆ ಆಕೆಗೆ ಚಹಾ ಇಳಿಯುತ್ತಿರಲಿಲ್ಲ. ಗಂಡಸರ ಕೋಣೆಯಲ್ಲಿ ಬಸಪ್ಪ ಮಾಸ್ತರರಿದ್ದರು, ಚಿತ್ತಾಪುರದ ಕಡೆ ಪ್ರಾಥಮಿಕ ಶಾಲೆಯಲ್ಲಿ ಕಲಿಸಿದವರು. ಸಕ್ಕರೆ ಕಾಯಿಲೆಯಿಂದ ಕಿಡ್ನಿ ಸೋತಿತ್ತು. ದಿನಾ ಮುಂಜಾನೆ ಅಂಗಳದಲ್ಲಿ ಕೂತು ಎಲ್ಲರಿಗೂ ಪೇಪರು ಓದಿ ಹೇಳುತ್ತಿದ್ದರು.

ಹಿರಿಯರಿಗೆ ಲಸಿಕೆ ಬಂದಾಗ ನಾವು ಆಶ್ರಮಕ್ಕೇ ಹೋದೆವು. ಊರಲ್ಲಿ ಪ್ರಚಾರದ ಆಟೋ ಓಡಾಡುತ್ತಿತ್ತು: ಸೂಜಿ ಹಾಕಿಸಿಕೊಂಡರೆ ಕೊರೊನಾ ಹತ್ತಿರ ಸುಳಿಯುವುದಿಲ್ಲ ಎಂದು. ಗುಂಡಮ್ಮ ತೋಳು ಕೊಡುವ ಮೊದಲು ಕೇಳಿದಳು.

'ಇದು ಹಾಕಿಸ್ಕೊಂಡ್ರ ಬೀಮಾರಿ ಬರಂಗಿಲ್ಲ ಹೌದಿಲ್ಲೋ?'

ನಾನು ಹೂಂ ಎನ್ನುವಷ್ಟರಲ್ಲಿ ನಮ್ಮ ಡಾಕ್ಟರು ಮುಂದೆ ಬಂದರು. ಡಾ. ನಸೀಮಾ, ವಯಸ್ಸಿನಲ್ಲಿ ನನ್ನ ಮಗಳಷ್ಟು, ಮೊದಲ ಪೋಸ್ಟಿಂಗ್. 'ಬರಬಹುದು ಆಯಿ. ಬಂದ್ರೂ ಭಾಳ ಜೋರ ಮಾಡಬಾರದು, ನೀವು ಎದ್ದು ಕುಂದರಬೇಕು, ಅದಕ್ಕ ಹಾಕಲಕತ್ತೀವಿ.'

ನನಗೆ ಸಿಟ್ಟು ಬಂತು. ಡಾಕ್ಟರನ್ನು ಬೇವಿನ ಮರದ ಬುಡಕ್ಕೆ ಕರೆದುಕೊಂಡು ಹೋದೆ. 'ಹಿಂಗ ಹೇಳಿದ್ರ ಯಾರ ಮುಂದ ಬರ್ತಾರ ಮೇಡಂ? ಮೊದಲೇ ಅಂಜ್ಯಾರ.'

'ಬರಂಗಿಲ್ಲ ಅಂತ ಹೇಳಿ ನಾಳೆ ಖರೇ ಬಂತು ಅಂದ್ರ? ಆವಾಗ ನಮ್ಮ ಯಾವ ಮಾತು ನಂಬ್ತಾರ ಸಿಸ್ಟರ್?'

ಮಾಣಿಕಪ್ಪ ದೂರದಿಂದಲೇ ಕೇಳಿಸಿಕೊಂಡಿದ್ದರು. 'ಡಾಕ್ಟ್ರು ಖರೇ ಹೇಳ್ತಾರ. ಸಿಗ್ನಲ್ ಹಸಿರ ಇದ್ರೂ ಡ್ರೈವರ್ ಕಣ್ಣ ಮುಚ್ಚಂಗಿಲ್ಲ' ಎಂದು ಮೊದಲು ತಾವೇ ತೋಳು ಕೊಟ್ಟರು. ಆ ಮೇಲೆ ಒಬ್ಬರೂ ಹಿಂದೆ ಸರಿಯಲಿಲ್ಲ. ಎರಡನೇ ಸೂಜಿಯೂ ಹೊತ್ತಿಗೆ ಸರಿಯಾಗಿ ಆಯಿತು.

ಅಷ್ಟರಲ್ಲಿ ಎರಡನೇ ಅಲೆ ಏರಿತು. ಆಶ್ರಮದ ಗೇಟು ಮುಚ್ಚಿಸಿದೆವು, ಬಂದುಹೋಗುವವರನ್ನು ನಿಲ್ಲಿಸಿದೆವು. ಒಂದು ಮುಂಜಾನೆ ಆಶ್ರಮದ ವ್ಯವಸ್ಥೆ ನೋಡಿಕೊಳ್ಳುವ ರಾಚಣ್ಣ ಫೋನು ಮಾಡಿದರು.

'ಸಿಸ್ಟರ್, ಆಯಿಗೆ ಏನೋ ಆಗ್ಯದ.'

'ಜ್ವರ ಅದಾ?'

'ಜ್ವರ ಇಲ್ಲ, ಕೆಮ್ಮ ಇಲ್ಲ. ನಿನ್ನೆಯಿಂದ ಯಾರಿಗೂ ಬೈದಿಲ್ಲ.'

ಹೋಗಿ ಹಣೆಗೆ ಮಷೀನು ಹಿಡಿದೆ, ಜ್ವರವಿಲ್ಲ. ಗುಂಡಮ್ಮ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ರೊಟ್ಟಿ ಮುಟ್ಟಿರಲಿಲ್ಲ. ದಣಿವು ಇರಬೇಕು ಎಂದು ನಾನು ಅಂದುಕೊಂಡರೆ, ಡಾ. ನಸೀಮಾ ಒಪ್ಪಲಿಲ್ಲ. 'ಮುದುಕರಿಗೆ ಜ್ವರ ಬಂದೇ ಬರ್ತದ ಅಂತ ಇಲ್ಲ ಸಿಸ್ಟರ್, ಸೂಜಿ ಹಾಕಿಸ್ಕೊಂಡವರಿಗಂತೂ ಲಕ್ಷಣ ಭಾಳ ಸಣ್ಣ. ಊಟ ಬಿಟ್ಟವರು ಯಾರು, ಮಾತು ಬಿಟ್ಟವರು ಯಾರು, ಸುಮ್ನ ಮಲಗಿದವರು ಯಾರು, ಅಂಥವರನ್ನ ಹುಡುಕ್ರಿ. ಎಲ್ಲರದೂ ಮೂಗಿನ ಟೆಸ್ಟ್ ಆಗಲಿ.'

ಆ ಮಾತನ್ನು ಇವತ್ತಿಗೂ ಹೊಸಬರಿಗೆ ಹೇಳುತ್ತೇನೆ. ಮುದುಕರ ಬೇನೆ ಥರ್ಮಾಮೀಟರಿನಲ್ಲಿ ಕಾಣುವುದಿಲ್ಲ, ತಟ್ಟೆಯಲ್ಲಿ ಉಳಿದ ರೊಟ್ಟಿಯಲ್ಲಿ ಕಾಣುತ್ತದೆ.

ಅರ್ಧಕ್ಕಿಂತ ಹೆಚ್ಚು ಮಂದಿಗೆ ಸೋಂಕು ತಗುಲಿತ್ತು. ಎರಡೂ ಸೂಜಿ ಹಾಕಿಸಿಕೊಂಡವರಿಗೆ. ನಾನೇ ನನ್ನ ಕೈಯಾರೆ ಹಾಕಿದ್ದೆ. ಫಲಿತಾಂಶ ಬಂದಾಗ ಒಂದೊಂದು ಹೆಸರನ್ನೂ ಎರಡೆರಡು ಸಲ ಓದಿದೆ. ಸಂಜೆಯೊಳಗೆ ಊರಿನ ಎಲ್ಲ ಮೊಬೈಲುಗಳಲ್ಲಿ ಒಂದೇ ಸುದ್ದಿ, ಸೂಜಿ ಹಾಕಿಸಿಕೊಂಡ ಮುದುಕರಿಗೇ ಕೊರೊನಾ ಎಂದು. ಮರುದಿನ ನಮ್ಮ ಲಸಿಕೆ ಕೇಂದ್ರದ ಮುಂದೆ ಸಾಲೇ ಇರಲಿಲ್ಲ. ಹಾಲಿನವನು ಕ್ಯಾನು ಆಶ್ರಮದ ಗೇಟಿನಲ್ಲೇ ಇಟ್ಟು ಓಡುತ್ತಿದ್ದ.

ಆಶ್ರಮದೊಳಗೆ ಬೇನೆ ತಂದವಳು ಲಲಿತಾ ಎಂದು ಮಾತು ಹುಟ್ಟಿತು. ಲಲಿತಾ ಅಲ್ಲಿ ಕಸ ಮುಸುರೆ ಮಾಡಿ ಮುದುಕರಿಗೆ ಸ್ನಾನ ಮಾಡಿಸುವ ಹೆಣ್ಣುಮಗಳು, ಮೊಲೆ ಕುಡಿಯುವ ಕೂಸಿನ ತಾಯಿ. ಟೆಸ್ಟಿನಲ್ಲಿ ಆಕೆಯದೂ ಪಾಸಿಟಿವ್ ಬಂದಿತ್ತು. ರಾಚಣ್ಣ ಹೆದರಿಕೆಯಲ್ಲಿ, 'ಆಕೀನ್ನ ಬಿಡಿಸಿಬಿಡ್ತೀನಿ ಸಿಸ್ಟರ್, ಮಂದಿ ನನ್ನ ಕೇಳ್ತಾರ' ಎಂದರು. ಲಲಿತಾ ಗೇಟಿನ ಹೊರಗೆ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು.

'ರಾಚಣ್ಣೋರ, ಆಕಿ ಸೂಜಿ ಕೇಳಲಿಕ್ಕ ನಮ್ಮ ಕೇಂದ್ರಕ್ಕ ಬಂದಿದ್ಳು. ವಯಸ್ಸ ಆಗಿಲ್ಲ, ಕೂಸಿಗೆ ಹಾಲ ಕುಡಿಸ್ತಿ, ನಿಂಗ ಇನ್ನಾ ಹುಕುಂ ಬಂದಿಲ್ಲ ಅಂತ ನಾವೇ ಹಿಂದಕ್ಕ ಕಳಿಸೀವಿ. ಆಕೀದೇನ್ ತಪ್ಪು?' ಎಂದೆ.

ಒಳಗಿನಿಂದ ಸಣ್ಣ ದನಿ ಬಂತು. ಗುಂಡಮ್ಮ. 'ರಾಚಣ್ಣ, ಆಕೀನ್ನ ಬಿಡಿಸಿದ್ರ ನನ್ನ ಗಂಟೂ ಕಟ್ಟು.'

ಮಾತು ಅಲ್ಲಿಗೆ ನಿಂತಿತು. ಲಲಿತಾ ಮನೆಯಲ್ಲಿ ಆರೈಕೆ ಪಡೆದು, ಗುಣವಾಗಿ, ಮತ್ತೆ ಕೆಲಸಕ್ಕೆ ಬಂದಳು. ಮುದುಕರಿಗೆ ಹಾಕಿದರಷ್ಟೇ ಸಾಲದು, ಅವರ ಮೈ ಮುಟ್ಟಿ ಸೇವೆ ಮಾಡುವವರಿಗೂ ಹಾಕಬೇಕು ಎಂದು ಡಾ. ನಸೀಮಾ ಮೇಲಿನವರಿಗೆ ಪತ್ರದ ಮೇಲೆ ಪತ್ರ ಬರೆದರು. ಮುಂದೆ ಹುಕುಂ ಬದಲಾದಾಗ ನಮ್ಮಲ್ಲಿ ಮೊದಲ ಸೂಜಿ ಲಲಿತಾಳಿಗೇ ಬಿತ್ತು.

ಕಲಬುರಗಿಯ ದವಾಖಾನೆಗಳಲ್ಲಿ ಆಗ ಹಾಸಿಗೆಯೇ ಸಿಗುತ್ತಿರಲಿಲ್ಲ. ಹಗುರ ಇದ್ದವರನ್ನು ಆಶ್ರಮದಲ್ಲೇ ನೋಡಿಕೊಳ್ಳುವುದು ಎಂದು ಡಾಕ್ಟರು ನಿರ್ಧರಿಸಿದರು. ಒಂದು ಕೋಣೆ ಸೋಂಕಿತರಿಗೆ, ಇನ್ನೊಂದು ಉಳಿದವರಿಗೆ. ಗಂಡಸರು ಹೆಂಗಸರು ಎಂಬ ಭೇದ ಬಿಟ್ಟು ನಡುವೆ ಚಾದರ ಕಟ್ಟಿದೆವು. ಕಿಟಕಿಗಳನ್ನೆಲ್ಲ ಖುಲ್ಲಾ ಇಟ್ಟೆವು. ಸಮೀಪದ ಕಾರ್ಖಾನೆಯವರು ಆಮ್ಲಜನಕದ ಒಂದು ಮಷೀನು ಕೊಟ್ಟರು. ಪ್ಲಾಸ್ಟಿಕ್ಕಿನ ಆ ಉಡುಪು ಹಾಕಿಕೊಂಡು ಶಹಾಬಾದಿನ ಬಿಸಿಲಲ್ಲಿ ನಿಂತರೆ ಬೆವರು ಬೂಟಿಗೆ ಇಳಿಯುತ್ತಿತ್ತು. ಬೆರಳಿಗೆ ಮಷೀನು ಹಚ್ಚಿ ಆಮ್ಲಜನಕ ನೋಡುವುದು, ಗಂಜಿ ಕುಡಿಸುವುದು, ಉಸಿರು ಸಲೀಸಾಗಲೆಂದು ಬೋರಲು ಮಲಗಿಸುವುದು. ಗುಂಡಮ್ಮನನ್ನು ಬೋರಲು ಹಾಕಿದರೆ, 'ಹುಟ್ಟಿದಾಗಿಂದ ಹಿಂಗ ಮಲಗಿಲ್ಲ, ಸಾಯಾಗ ಮಲಗಸ್ತೀಯೇನ' ಎಂದು ಹಾಸಿಗೆಗೆ ಮುಖವಿಟ್ಟೇ ಬೈದಳು. ಆ ಬೈಗುಳ ಕೇಳಿ ನನಗಾದ ಸಂತೋಷ ಅಷ್ಟಿಷ್ಟಲ್ಲ. ರಾಚಣ್ಣನವರನ್ನು ಕರೆದು, 'ಆಯಿ ಬೈದ್ಳು!' ಎಂದೆ. ಅವರೂ ನಕ್ಕರು.

ಬಸಪ್ಪ ಮಾಸ್ತರರು ಮಾತ್ರ ಏಳಲಿಲ್ಲ. ಬೆರಳಿನ ಮಷೀನಿನ ಅಂಕಿ ಕೆಳಗಿಳಿಯುತ್ತಲೇ ಹೋಯಿತು. ಡಾ. ನಸೀಮಾ ಒಂದೊಂದು ದವಾಖಾನೆಗೂ ಫೋನು ಮಾಡಿ, ಬೇಡಿ, ಜಗಳಾಡಿ, ಕೊನೆಗೆ ಒಂದು ಹಾಸಿಗೆ ಗಿಟ್ಟಿಸಿದರು. ಆಂಬುಲೆನ್ಸಿಗೆ ಹತ್ತಿಸುವಾಗ ಮಾಸ್ತರರು ನನ್ನ ಕೈ ಹಿಡಿದರು. ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತಿದ್ದರು.

'ಸಿಸ್ಟರ್, ನಾ ವಾಪಸ್ ಬರಲಿಲ್ಲ ಅಂದ್ರ... ಸೂಜಿ ಸುಳ್ಳು ಅಂತ ನನ್ನ ಹೆಸರಲೆ ಯಾರೂ ಹೇಳಬಾರದು. ನನ್ನ ಕಿಡ್ನಿ ಮೊದಲೇ ಸೋತಿತ್ತು. ಇವರೆಲ್ಲ ಎದ್ದು ಕುಂತಾರಲ್ಲ, ಅದನ್ನೂ ಹೇಳ್ರಿ.'

'ನೀವೇ ಬಂದು ಹೇಳೀರಂತ ಬಿಡ್ರಿ ಮಾಸ್ತರ' ಎಂದೆ. ಅವರು ಬರಲಿಲ್ಲ. ದವಾಖಾನೆಯಲ್ಲೇ ತೀರಿಕೊಂಡರು. ನೌಕರಿಯಲ್ಲಿ ಅದಕ್ಕೆ ಮುಂಚೆ ಎಷ್ಟೋ ಸಾವು ಕಂಡಿದ್ದೆ. ಆದರೆ ಸುದ್ದಿ ಬಂದಾಗ ಆ ಉಡುಪಿನೊಳಗೆ ಕಣ್ಣೊರೆಸಿಕೊಳ್ಳಲಿಕ್ಕೂ ಆಗದೆ ನಿಂತದ್ದು ಅದೇ ಮೊದಲು.

ಉಳಿದವರು ಒಬ್ಬೊಬ್ಬರಾಗಿ ಎದ್ದರು. ಮಾಣಿಕಪ್ಪ ಅಂಗಳಕ್ಕೆ ಬಂದು ಕೂತರು, ಗಂಟಲು ಸ್ವಲ್ಪ ಸಣ್ಣದಾಗಿತ್ತು. ಕನ್ನಡಕ ಏರಿಸಿಕೊಂಡು ಮಾಸ್ತರರ ಜಾಗದಲ್ಲಿ ಪೇಪರು ಓದಲು ಹೊರಟು, ಅರ್ಧಕ್ಕೆ ನಿಲ್ಲಿಸಿ ಮಡಚಿಟ್ಟರು. ಅದೇ ದಿನಗಳಲ್ಲಿ ಊರಿನ ಓಣಿಗಳಿಂದ, ಸೂಜಿ ಸಿಗದವರ, ಬೇಡವೆಂದವರ ಮನೆಗಳಿಂದ, ಗಟ್ಟಿಮುಟ್ಟಾದ ಹರೆಯದವರು ಹೆಣವಾಗಿ ಹೋಗುವುದನ್ನು ನಾನು ನೋಡಿದೆ. ಇಲ್ಲಿ ಎಂಬತ್ತರ ಹತ್ತಿರದ ಮುದುಕಿ ಗೋಡೆ ಹಿಡಿದು ಬಚ್ಚಲಿಗೆ ತಾನೇ ನಡೆದು ಹೋಗುತ್ತಿದ್ದಳು. ಸೂಜಿ ಏನು ಮಾಡಿತು ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಲಾಕ್‌ಡೌನ್ ಸಡಿಲಾದ ಮೇಲೆ ಸವಿತಾ ಫೋನು ಮಾಡಿದಳು. ನನ್ನ ಕೈಕೆಳಗೆ ಕೆಲಸ ಕಲಿತ ಹುಡುಗಿ, ಆಗ ಚಿಂಚೋಳಿ ಕಡೆ ಇದ್ದಳು.

'ಮೇಡಂ, ಇಲ್ಲಿ ಒಂದ ಊರಾಗ ಯಾರೂ ಸೂಜಿ ಹಾಕಿಸ್ಕೊಳ್ಳಲಕತ್ತಿಲ್ಲ. ನಿಮ್ಮ ಶಹಾಬಾದಿನಾಗ ಗುಂಡಮ್ಮ ಅಂತ ಈ ಊರಿನ ಮಗಳ ಇದ್ಳಂತ. ಸೂಜಿ ಹಾಕಿ ಆಕೀನ್ನ ಕೊಂದಾರ ಅಂತ ಹೇಳ್ತಾರ.'

ನಾನು ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆಶ್ರಮಕ್ಕೆ ಹೋಗಿ ಗುಂಡಮ್ಮನಿಗೆ ಹೇಳಿದೆ. ಆಕೆ ಅಡಿಕೆ ಕುಟ್ಟುತ್ತಿದ್ದವಳು ಕೈ ನಿಲ್ಲಿಸಿದಳು.

'ನಾ ಸತ್ತೀನಿ ಅಂತ ಅಂದ್ರಾ? ಯಾರ ಅಂದ್ರು?'

'ಊರೇ ಅಂತದ ಆಯಿ.'

'ಜೀಪ ತರಸು. ನಾನೇ ಹೋಗಿ ಬೈದು ಬರ್ತೀನಿ.'

ಡಾ. ನಸೀಮಾ ಆಕೆಯ ಉಸಿರು, ಬಿಪಿ ಎಲ್ಲ ನೋಡಿ, ಒಪ್ಪಿ, ಜೀಪು ಗೊತ್ತು ಮಾಡಿಕೊಟ್ಟರು. ದಾರಿಯುದ್ದಕ್ಕೂ ಗುಂಡಮ್ಮ ಕಿಟಕಿಯ ಹೊರಗೆ ನೋಡುತ್ತ ಕೂತಳು. ತವರು ಕಾಣದೆ ಎಷ್ಟೋ ವರ್ಷವಾಗಿತ್ತು. ತೊಗರಿ ಬಿತ್ತಿದ ಹೊಲಗಳು ದಾಟಿ ಗುಡ್ಡ ಕಂಡಾಗ ಒಮ್ಮೆ ಮಾತ್ರ, 'ಆ ಕಡೆ ಕಟ್ಟಿಗಿ ಆರಿಸಲಿಕ್ಕ ಹೋಗ್ತಿದ್ದೆ' ಎಂದಳು.

ಶಿಬಿರ ಊರಿನ ಶಾಲೆಯಲ್ಲಿ. ಸವಿತಾ ಲಸಿಕೆಯ ಡಬ್ಬಿ ಇಟ್ಟುಕೊಂಡು ಒಬ್ಬಳೇ ಕೂತಿದ್ದಳು. ತಾಲೂಕಿನಿಂದ ಬಂದ ಅಧಿಕಾರಿಯೊಬ್ಬರು ವರಾಂಡದಲ್ಲಿ ಓಡಾಡುತ್ತಿದ್ದರು. ಮಂದಿ ಮಾತ್ರ ದೂರದ ಕಟ್ಟೆಯ ಮೇಲಿದ್ದರು. ಜೀಪಿನಿಂದ ಗುಂಡಮ್ಮ ಇಳಿದಳು. ಕಟ್ಟೆಯ ಮೇಲಿದ್ದ ಮುದುಕಿಯೊಬ್ಬಳು ಕಣ್ಣ ಮೇಲೆ ಕೈ ಹಿಡಿದು ನೋಡಿದಳು.

'ಅಯ್ಯ ಯವ್ವಾ! ಗುಂಡಕ್ಕ!'

ಒಬ್ಬೊಬ್ಬರೇ ಎದ್ದು ಬಂದರು. ಕೆಲವರು ಮುಟ್ಟಿ ನೋಡಿದರು. ಅಧಿಕಾರಿ ಖುಷಿಯಾಗಿ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು. 'ಆಯಿ, ನಾ ಛಲೋ ಇದ್ದೀನಿ ಅಂತ ಅಷ್ಟ ಹೇಳ್ರಿ. ಆಶ್ರಮದಾಗ ಮಾಸ್ತರು ತೀರಿಕೊಂಡಿದ್ದು ಇಲ್ಲಿ ಬ್ಯಾಡ. ಮಂದಿ ಮತ್ತ ಅಂಜ್ತಾರ.' ಅವರು ಕೆಟ್ಟ ಮನುಷ್ಯರಲ್ಲ. ಎರಡು ದಿನ ಖಾಲಿ ಕೂತು ಹೋದ ಶಿಬಿರ ಅದು, ಅವರಿಗೂ ಸಾಕಾಗಿತ್ತು. ಗುಂಡಮ್ಮ ಹೋಗಿ ಶಾಲೆಯ ಮೆಟ್ಟಿಲ ಮೇಲೆ ಕೂತಳು.

ಮೊದಲು ಬೈದಳು. ಯಾರು ಸುದ್ದಿ ಹಬ್ಬಿಸಿದ್ದು, ಯಾರ ಮೊಮ್ಮಗ, ಅವನ ಅಜ್ಜ ಎಂಥವನಿದ್ದ, ಎಲ್ಲವನ್ನೂ ತೆಗೆದಳು. ಮಂದಿ ನಕ್ಕರು. ಆಮೇಲೆ ದನಿ ಇಳಿಸಿದಳು.

'ನನಗ ಬೀಮಾರಿ ಬಂದಿದ್ದು ಖರೇ. ಎರಡ ಸೂಜಿ ಹಾಕಿಸ್ಕೊಂಡ ಮ್ಯಾಲೂ ಬಂತು. ಬಾಯಿಗೆ ರುಚಿ ಇಲ್ಲ, ಮೈಯಾಗ ಕಸು ಇಲ್ಲ. ನಮ್ಮ ಕೋಣ್ಯಾಗ ಭಾಳ ಮಂದಿಗಿ ಬಂತು. ಎಲ್ಲರೂ ಎದ್ದೀವಿ. ಒಬ್ಬಾಂವ ಏಳಲಿಲ್ಲ. ಬಸಪ್ಪ ಮಾಸ್ತರ. ಪೇಪರ ಓದಿ ಹೇಳಾಂವ. ಮೊದಲೇ ಜಡ್ಡಿದ್ದ, ಹೋದ. ಅವನ್ನ ಮುಚ್ಚಿಟ್ಟು ನಾ ನಿಮಗ ಏನ ಹೇಳಲಿ?'

ಅಧಿಕಾರಿ ತಲೆ ತಗ್ಗಿಸಿದರು. ನಾನು ಮಂದಿಯನ್ನೇ ನೋಡುತ್ತಿದ್ದೆ, ಎಲ್ಲರೂ ಎದ್ದು ಹೋಗಿಬಿಟ್ಟರೆ ಎಂದು. ಮೊದಲು ಗುರುತು ಹಿಡಿದ ಆ ಮುದುಕಿ ಕೇಳಿದಳು.

'ಹಂಗಾದ್ರ ಹಾಕಿಸ್ಕೋ ಅಂತೀಯೋ ಬ್ಯಾಡ ಅಂತೀಯೋ ಗುಂಡಕ್ಕ?'

'ನಾ ಹಾಕಿಸ್ಕೊಂಡಿದ್ದಕ್ಕ ನಿನ್ನ ಮುಂದ ಕುಂತೀನಿ. ಇನ್ನೊಮ್ಮೆ ಕೊಡ್ತೀನಿ ಅಂದ್ರ ಇನ್ನೊಮ್ಮೆ ತೋಳ ಕೊಡ್ತೀನಿ. ನಿನ್ನ ತೋಳು ನಿಂದು.'

ಆ ಮುದುಕಿ ಕುಪ್ಪಸದ ತೋಳು ಮೇಲೇರಿಸುತ್ತ ಸವಿತಾಳ ಮುಂದೆ ಹೋಗಿ ಕೂತಳು. ಆಕೆಯ ಹಿಂದೆ ಆಕೆಯ ಸೊಸೆ. ಸೊಸೆಯ ಹಿಂದೆ ಕಟ್ಟೆಯ ಗಂಡಸರು, ನಾ ಮುಂದೆ ನೀ ಮುಂದೆ ಎಂದು ಚೇಷ್ಟೆ ಮಾಡುತ್ತ. ಸವಿತಾಳಿಗೆ ತಲೆ ಎತ್ತಲು ಪುರುಸೊತ್ತಿಲ್ಲ. ಪ್ರತಿಯೊಬ್ಬರಿಗೂ ಆಕೆ ಹೇಳುತ್ತಿದ್ದ ಮಾತು ನನ್ನ ಕಿವಿಗೆ ಬಿತ್ತು. 'ಬೀಮಾರಿ ಬರಬಹುದು. ಬಂದ್ರೂ ಎದ್ದು ಕುಂದರಬೇಕು, ಅದಕ್ಕ ಹಾಕಲಕತ್ತೀನಿ. ಊಟ ಸೇರಲಿಲ್ಲ ಅಂದ್ರ ಜ್ವರ ಬರಲಿ ಅಂತ ಕಾಯಬ್ಯಾಡ್ರಿ, ನನಗ ಫೋನ್ ಮಾಡ್ರಿ.' ಫೋನಿನಲ್ಲಿ ನಾನು ಆಕೆಗೆ ಕಲಿಸಿದ್ದು, ನನಗೆ ಡಾ. ನಸೀಮಾ ಕಲಿಸಿದ್ದು.

ಕೆಲಸಕ್ಕೆ ಸೇರುವ ಹುಡುಗಿಯರೇ, ನಿಮಗೆ ಮೆಡಲು, ಶಾಲು ಸಿಕ್ಕರೆ ಸಂತೋಷ, ನನಗೂ ಒಂದೆರಡು ಸಿಕ್ಕಿವೆ. ಆದರೆ ನಾನು ತಲೆ ಎತ್ತಿ ಹೇಳಿಕೊಳ್ಳುವುದು ಆ ಶಾಲೆಯ ವರಾಂಡವನ್ನು. ಇದ್ದದ್ದನ್ನು ಇದ್ದಂತೆ ಕೇಳಿದ ಮೇಲೂ ಮಂದಿ ನಮ್ಮ ಮುಂದೆ ತೋಳು ಚಾಚಿದರು. ನರ್ಸಬಾಯಿಯಾಗಿ ಇದಕ್ಕಿಂತ ದೊಡ್ಡದನ್ನು ನಾನು ಬಯಸಲಿಲ್ಲ.

ಮಧ್ಯಾಹ್ನಕ್ಕೆ ಸವಿತಾ ಡಬ್ಬಿ ಬಗ್ಗಿಸಿ ನೋಡಿ, ಮುಖ ಸಣ್ಣದು ಮಾಡಿಕೊಂಡು ಬಂದಳು. 'ಮೇಡಂ, ಲಸಿಕೆ ಮುಗೀತು. ಮಂದಿ ಇನ್ನಾ ಕುಂತಾರ.'

'ಚಿಂಚೋಳಿಯಿಂದ ತರ್ತೀನಿ. ಅಲ್ಲೀತನಕ ಎಬ್ಬಿಸಬ್ಯಾಡ.'

'ಹೊಲಕ್ಕ ಹೋಗಿಬಿಟ್ರ ಮೇಡಂ?'

ಗುಂಡಮ್ಮ ಮೆಟ್ಟಿಲ ಮೇಲಿಂದಲೇ ಕೈ ಬೀಸಿದಳು. 'ನೀ ಹೋಗಿ ಬಾ ಮಗಳ. ಇವರು ಎಲ್ಲಿ ಹೋಗ್ತಾರ ನಾ ನೋಡ್ತೀನಿ.'

ಅಧಿಕಾರಿ ತಾವೇ ಮುಂದೆ ಬಂದು ಜೀಪಿನ ಬಾಗಿಲು ತೆಗೆದು, 'ನಡೀರಿ ಸಿಸ್ಟರ್, ನಾನೂ ಬರ್ತೀನಿ, ಲಗೂನ ಕೊಡಸ್ತೀನಿ' ಎಂದರು. ಜೀಪು ತಿರುಗುವಾಗ ಹಿಂದಕ್ಕೆ ನೋಡಿದೆ. ಗುಂಡಮ್ಮ ತನ್ನೂರಿನ ಹೆಂಗಸರ ನಡುವೆ ಕಾಲು ಚಾಚಿ ಕೂತು, ಅಡಿಕೆ ಚೀಲ ಬಿಚ್ಚಿ ಎಲ್ಲರಿಗೂ ಹಂಚುತ್ತ ಏನೋ ಹೇಳುತ್ತಿದ್ದಳು. ಒಬ್ಬರೂ ಎದ್ದಿರಲಿಲ್ಲ.